ಸ್ಟ್ಯಾಂಡ್ ಹಾಕಿದ ಸೈಕಲ್ಲಿನಲ್ಲಿ ಸೊರಬದ ದಾರಿ

ಮೇಡಂ ತೀರಿಕೊಂಡರು ಎಂದು ಸೊರಬದಿಂದ ಫೋನ್ ಬಂದಾಗ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಫೋನ್ ಮಾಡಿದವಳು ಅವರ ಹಳೆಯ ವಿದ್ಯಾರ್ಥಿನಿ. ಕೊನೆಯ ಒಂಬತ್ತು ಹತ್ತು ತಿಂಗಳು ಮೇಡಂ ಬಾಡಿಗೆಗೆ ಇದ್ದದ್ದು ಅವಳ ಮನೆಯ ಪಕ್ಕದ ಕೋಣೆಯಲ್ಲಿ. ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡರಂತೆ, ಆಟೋ ಬರುವಷ್ಟರಲ್ಲಿ ಮುಗಿದಿತ್ತಂತೆ. ಕಾಯಲೇ ಇಲ್ಲ ನೋಡಿ ಅಕ್ಕ, ಎಂದಳು. ನನಗೆ ಅಳು ಬರುವುದಕ್ಕೂ ಮೊದಲು, ಮೇಡಂ ಯಾವತ್ತು ಯಾವುದಕ್ಕೆ ಕಾದಿದ್ದರು ಅನ್ನಿಸಿತು.

ಆವತ್ತಿನಿಂದ ಬೆಳಗಿನ ಹೊತ್ತು ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಹಾಲು ಒಲೆಗಿಟ್ಟು ಬಾಗಿಲಿಗೆ ಹೋಗುತ್ತೇನೆ, ಬಾಗಿಲಿನಿಂದ ಮತ್ತೆ ಒಲೆಗೆ ಬರುತ್ತೇನೆ. ಶಿಕಾರಿಪುರದ ನಮ್ಮ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ನಮ್ಮ ಅಡುಗೆಮನೆಯ ಗೋಡೆಯ ಆಚೆಗೆ ಮೇಡಂ ಅವರ ತಮ್ಮನ ಮನೆಯ ಪಡಸಾಲೆ. ಹೋದ ಚಳಿಗಾಲವಿಡೀ ಆ ಗೋಡೆಯೊಳಗಿಂದ ಸೈಕಲ್ ಚೈನಿನ ಸದ್ದು ಬರುತ್ತಿತ್ತು. ಈಗ ಆ ಕಡೆಯಿಂದ ಟೀವಿಯ ಸದ್ದು ಮಾತ್ರ ಬರುತ್ತದೆ. ಬರೆದರೆ ಚಡಪಡಿಕೆ ಸ್ವಲ್ಪ ಇಳಿದೀತು ಎಂದು ಪೆನ್ನು ಹಿಡಿದೆ. ಹಿಡಿದ ಮೇಲೂ ಎದ್ದು ಎದ್ದು ಓಡಾಡುತ್ತಿದ್ದೇನೆ.

ಮೇಡಂ ಸೊರಬ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರಾಗಿದ್ದವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ತಮ್ಮ ಬಂದು, ಇನ್ನು ಒಬ್ಬಳೇ ಯಾಕಿರುತ್ತೀಯ ಎಂದು ಸಾಮಾನು ಸಮೇತ ಕರೆದುಕೊಂಡು ಬಂದಿದ್ದರು. ಮೇಡಂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ. ಮೊದಲ ದಿನ ನಮ್ಮ ಮನೆಗೆ ಬಂದಾಗ ಕುರ್ಚಿ ಹಾಕಿದೆ, ಕೂರಲಿಲ್ಲ. ಕಾಫಿಯ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕುಡಿದರು. ಕುಡಿಯುವಾಗಲೂ ಹಿಮ್ಮಡಿ ಎತ್ತುವುದು, ಇಳಿಸುವುದು, ಎತ್ತುವುದು. ಅವರ ತಲೆ ಬಾಗಿಲ ಚೌಕಟ್ಟಿನಲ್ಲಿ ಮೇಲೆ ಕೆಳಗೆ ಆಗುತ್ತಿದ್ದುದನ್ನು ನೋಡುತ್ತ ನನ್ನ ಮಾತೇ ತಪ್ಪಿಹೋಯಿತು.

ಯಾವ ಸ್ಕೂಲಲ್ಲಿ ಓದಿದ್ದು ಎಂದು ಕೇಳಿದರು. ಶಿವಮೊಗ್ಗದಲ್ಲಿ, ಕಾನ್ವೆಂಟಿನಲ್ಲಿ, ಎಂದೆ. ಓಟಕ್ಕೆ ಸೇರಿದ್ದೆಯಾ ಎಂದರು. ಇಲ್ಲ. ಸೈಕಲ್ ಬರುತ್ತದಾ? ಅದೂ ಇಲ್ಲ. ನಮ್ಮ ಸಿಸ್ಟರುಗಳು ಮಂಡಿ ಕೂಡಿಸಿ ಕೂರುವುದನ್ನು ಚೆನ್ನಾಗಿ ಕಲಿಸಿದ್ದರು, ಬಿಡಿಸಿ ಓಡುವುದನ್ನು ಕಲಿಸಿರಲಿಲ್ಲ. ಅದನ್ನು ಹೇಳಿದ್ದಕ್ಕೆ ಮೇಡಂ ಜೋರಾಗಿ ನಕ್ಕರು. ಆವತ್ತಿನಿಂದ ನನ್ನ ಹೆಸರು ಹೋಯಿತು. ಗೋಡೆಯಾಚೆಯಿಂದಲೇ ಕೂಗುತ್ತಿದ್ದರು, "ಏ ಕಾನ್ವೆಂಟು."

ಅವರಿಗೆ ನಮ್ಮ ಊರು ಒಗ್ಗಲಿಲ್ಲ. ತಮ್ಮ ಒಳ್ಳೆಯವರು, ತಮ್ಮನ ಹೆಂಡತಿ ಇನ್ನೂ ಒಳ್ಳೆಯವರು. ಅಕ್ಕಾರು ಅಂದರೆ ಪ್ರಾಣ ಅವರಿಗೆ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುತ್ತಿದ್ದರು, ತಟ್ಟೆಯನ್ನೂ ಎತ್ತಲು ಬಿಡುತ್ತಿರಲಿಲ್ಲ. ಅದೇ ಮೇಡಂಗೆ ಕಷ್ಟವಾಗಿತ್ತು. ದಿನಕ್ಕೊಂದು ಸಲ ಸೈಕಲ್ ಹತ್ತಿ ಶಿರಾಳಕೊಪ್ಪದ ರಸ್ತೆಗೆ ಹೋಗಿಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರೆ, ಸೊರಬದ ಕಡೆಗೆ ಮುಖ ಮಾಡಿ ಬಂದೆ, ಅನ್ನುತ್ತಿದ್ದರು.

ಅಷ್ಟರಲ್ಲಿ ಎಡಗಾಲಿನ ಮಂಡಿ ಕೈಕೊಟ್ಟಿತು. ಮೈದಾನದಲ್ಲಿ ಸವೆದ ಮಂಡಿ. ಮಳೆಗಾಲ ಮುಗಿಯುತ್ತಿದ್ದಂತೆ ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಬೇರೆ ಮಂಡಿ ಕೂರಿಸಿದರು. ಬರುವಾಗ ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು. ಈ ಚಳಿಗಾಲ ಮುಗಿಯುವುದರೊಳಗೆ ಮಂಡಿ ಎಷ್ಟು ಬಗ್ಗುತ್ತದೋ ಅಷ್ಟೇ, ಆಮೇಲೆ ಒಳಗೆ ಗಟ್ಟಿಯಾಗುತ್ತದೆ, ಎಳೆದರೂ ಬರುವುದಿಲ್ಲ. ಮನೆಯೊಳಗೇ ಸೈಕಲ್ ತುಳಿಯಿರಿ. ಪೆಡಲ್ ಪೂರ್ತಿ ಒಂದು ಸುತ್ತು ಬರಬೇಕು. ಅದು ಬರುವ ತನಕ ರಸ್ತೆಯ ಮಾತೇ ಬೇಡ.

ವ್ಯಾಯಾಮದ ಸೈಕಲ್ ಒಂದನ್ನು ತರಿಸೋಣ ಎಂದರು ತಮ್ಮ. ಮೇಡಂ ಕೇಳಲಿಲ್ಲ. ಹಿತ್ತಿಲಲ್ಲಿದ್ದ ತಮ್ಮ ಹಳೆಯ ಲೇಡೀಸ್ ಸೈಕಲ್ಲನ್ನೇ ಪಡಸಾಲೆಗೆ ತರಿಸಿ ಸ್ಟ್ಯಾಂಡ್ ಹಾಕಿಸಿದರು. ಹಳೆಯ ಸೈಕಲ್ಲುಗಳ ಸ್ಟ್ಯಾಂಡ್ ಎರಡು ಕಾಲಿನದು, ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುತ್ತದೆ. ತುಳಿದರೆ ಗಾಲಿ ಗಾಳಿಯಲ್ಲಿ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇರುತ್ತದೆ. ಚಿಕ್ಕವರಿದ್ದಾಗ ಎಲ್ಲರೂ ಹಾಗೆ ತುಳಿದವರೇ. ಗಾಲಿಗೆ ಡೈನಮೋ ಒತ್ತಿಸಿದರೆ ತುಳಿತ ಭಾರವಾಗುತ್ತಿತ್ತು, ಮುಂದಿನ ದೀಪವೂ ಹತ್ತುತ್ತಿತ್ತು. ಎದುರಿನ ಗೋಡೆಯ ಮೇಲೆ ಹಳದಿ ಬೆಳಕಿನ ಒಂದು ಉಂಡೆ.

"ಅಕ್ಕಾರ, ಗೋಡೆಗೆ ಯಾಕ್ ಲೈಟ್ ಬಿಡ್ತೀರಿ?" ಎಂದು ತಮ್ಮನ ಹೆಂಡತಿ ಕೇಳಿದ್ದಕ್ಕೆ, ಮುಂದೆ ದಾರಿ ಇದೆ ಅಂತ ಕಾಲಿಗೆ ಗೊತ್ತಾಗಬೇಕು, ಎಂದಿದ್ದರು.

ನನ್ನನ್ನು ಜೊತೆಗೆ ಕರೆದದ್ದು ಆಗ. ಗಂಡ ಗೊಬ್ಬರದ ಅಂಗಡಿಗೆ ಹೋದ ಮೇಲೆ ತರಕಾರಿಯ ಬುಟ್ಟಿ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ನನ್ನ ಕೆಲಸ ಇಷ್ಟೇ, ಹಿಂದೆ ಚಾಪೆಯ ಮೇಲೆ ಕೂತು ಆಗಾಗ "ಈಗೆಲ್ಲಿದ್ದೇವೆ ಮೇಡಂ?" ಎಂದು ಕೇಳಬೇಕು. ಹಿಂದಿನ ಸೀಟಿನಲ್ಲಿ ಕೂತವಳ ಹಾಗೆ.

ಅದು ಅವರು ಶಾಲೆಯಲ್ಲಿ ಕಟ್ಟಿದ್ದ ಆಟ. ಅವರ ಶಾಲೆ ಕ್ಯಾಸನೂರಿನ ಕಡೆಯದು. ಮೈದಾನದ ಆಚೆ ತುದಿ ಕಾಡಿಗೇ ತಾಗಿಕೊಂಡಿತ್ತು. ಚಳಿ ಶುರುವಾದರೆ ಆ ಕಡೆ ಮಂಗನ ಕಾಯಿಲೆಯ ಹೆದರಿಕೆ. ಎಲ್ಲಾದರೂ ಒಂದು ಮಂಗ ಸತ್ತು ಬಿದ್ದಿದೆ ಎಂದು ಗೊತ್ತಾದರೆ ಸಾಕು, ಕಾಯಿಲೆ ಹರಡುವ ಉಣುಗು ಕಚ್ಚೀತೆಂದು ಯಾರೂ ಮಕ್ಕಳನ್ನು ಮೈದಾನಕ್ಕೆ ಬಿಡುತ್ತಿರಲಿಲ್ಲ. ವರ್ಷದ ಆಟೋಟಗಳೆಲ್ಲ ಹತ್ತಿರ ಬರುವ ಹೊತ್ತು ಅದು. ಮಕ್ಕಳನ್ನು ಸುಮ್ಮನೆ ಕೂರಿಸುವುದು ಮೇಡಂಗೆ ಆಗದು. ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ ನಿಂತಲ್ಲೇ ಓಡಿಸುತ್ತಿದ್ದರಂತೆ. ಸುಮ್ಮನೆ ಓಡಿ ಎಂದರೆ ಮಕ್ಕಳು ಐದು ನಿಮಿಷಕ್ಕೆ ಸುಸ್ತು. ಅದಕ್ಕೇ ಊರುಗಳ ಹೆಸರು ಹೇಳಿಸುತ್ತಿದ್ದರು. ಇವತ್ತು ಆನವಟ್ಟಿಗೆ ಹೋಗೋಣ, ಈಗ ಯಾವ ಊರು ದಾಟಿದೆವು, ಎಡಕ್ಕೆ ಏನು ಕಾಣುತ್ತದೆ, ಬಲಕ್ಕೆ ಯಾರ ಗದ್ದೆ? ಒಂದೇ ಒಂದು ನಿಯಮ: ಎರಡು ಊರುಗಳ ನಡುವೆ ಯಾರೂ ನಿಲ್ಲುವ ಹಾಗಿಲ್ಲ. ಊರು ಬಂದ ಮೇಲೆ ನಿಲ್ಲಬಹುದು, ನೀರು ಕುಡಿಯಬಹುದು. ಹುಡುಗಿಯರು ಜಗಲಿಯಲ್ಲೇ ಆನವಟ್ಟಿ ಸಂತೆ ಮಾಡಿ ಬರುತ್ತಿದ್ದರು ಎಂದು ಹೇಳಿ ನಗುತ್ತಿದ್ದರು.

ಈಗ ಅದೇ ಆಟವನ್ನು ಅವರು ತಮ್ಮ ಮೇಲೆ ಆಡಿಕೊಳ್ಳಲು ಹೊರಟಿದ್ದರು. ಹೊರಡುವುದೇ ಆಗಲಿಲ್ಲ. ಎಡಗಾಲಿನ ಪೆಡಲ್ ಮೇಲೆ ಬರುವಾಗ ಅರ್ಧದಲ್ಲಿ ನಿಲ್ಲುತ್ತಿತ್ತು. ಮಂಡಿ ಅಷ್ಟಕ್ಕಿಂತ ಬಗ್ಗುತ್ತಿರಲಿಲ್ಲ. ಮತ್ತೆ ಹಿಂದಕ್ಕೆ ಇಳಿಸುವುದು, ಮತ್ತೆ ಮುಂದಕ್ಕೆ. ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಮೇಲೆ ತಲುಪುವಾಗ ಹ್ಯಾಂಡಲ್ ಹಿಡಿದ ಕೈಗಳ ಗೆಣ್ಣು ಬೆಳ್ಳಗಾಗುತ್ತಿತ್ತು. ಕೆರೆಯ ಕಡೆಯಿಂದ ಮಂಜು ಬಂದ ದಿನಗಳಲ್ಲಂತೂ ಮಂಡಿ ಬೆಳಿಗ್ಗೆ ಮರದ ಕೊರಡು. ಬಿಸಿನೀರಿನ ಚೀಲ ಕಟ್ಟಿಕೊಂಡು ಹತ್ತುತ್ತಿದ್ದರು.

ಈಗೆಲ್ಲಿದ್ದೇವೆ ಮೇಡಂ, ಎಂದು ನಾನು ಮರ್ಯಾದೆಗೆ ಕೇಳಿದರೆ ಸಿಡುಕುತ್ತಿದ್ದರು.

"ಎಲ್ಲಿರ್ತೀವೆ? ಶಿಕಾರಿಪುರ ಬಸ್‌ಸ್ಟ್ಯಾಂಡಲ್ಲೇ. ಅರ್ಧ ತುಳಿದ್ರೆ ಊರು ಬಿಡಕ್ಕಾಗ್ತದೇನೆ ಮಾರಾಯ್ತಿ?"

ಇಷ್ಟು ತುಳಿದಿದ್ದೀರಲ್ಲ, ಸ್ವಲ್ಪವಾದರೂ ಮುಂದೆ ಹೋಗೋಣ ಎಂದರೆ ಒಪ್ಪುತ್ತಿರಲಿಲ್ಲ. ವಾರಗಟ್ಟಲೆ ನಾವು ಬಸ್‌ಸ್ಟ್ಯಾಂಡಿನಲ್ಲೇ ಇದ್ದೆವು. ಬೇಸರ ಕಳೆಯಲು ನಾನು ಅಲ್ಲಿನ ಹೂವಿನವಳನ್ನು, ಕಬ್ಬಿನ ಹಾಲಿನ ಗಾಡಿಯನ್ನು, ಹಾವೇರಿ ಬಸ್ಸಿಗೆ ಓಡುವವರನ್ನು ವರ್ಣಿಸುತ್ತಿದ್ದೆ. ಒಂದು ದಿನ ಮೇಡಂ ತುಳಿಯುವುದನ್ನು ನಿಲ್ಲಿಸಿ, ಕೂತ ಕೂತಲ್ಲೇ ಹ್ಯಾಂಡಲ್ ಮೇಲೆ ಹಣೆ ಇಟ್ಟುಕೊಂಡರು. ನಾನು ಗಾಬರಿಯಾಗಿ ಎದ್ದೆ. ತಲೆ ಎತ್ತದೆಯೇ ಹೇಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಇದು ಬಗ್ಗದೇ ಹೋದ್ರೆ ನಾನು ಈ ಮನೇಲೇ ಕೂತು ಹೋಗ್ತೀನಿ ಕಣೆ. ಇವರು ಅನ್ನ ಹಾಕ್ತಾರೆ, ನಾನು ತಿಂತೀನಿ. ಯಾರೂ ಏನೂ ಅನ್ನಲ್ಲ. ಅಷ್ಟೇ."

ಸೊರಬಕ್ಕೆ ತಿರುಗಿ ಹೋಗಬೇಕು, ಸಂಜೆ ಮೈದಾನದಲ್ಲಿ ಹುಡುಗಿಯರಿಗೆ ಖೋಖೋ ಆಡಿಸಬೇಕು, ಒಂದು ಕೋಣೆ ಹಿಡಿದು ಇರಬೇಕು ಎನ್ನುವ ಯೋಚನೆ ಅವರಲ್ಲಿತ್ತು. ಹಳೆಯ ವಿದ್ಯಾರ್ಥಿನಿ ಕೋಣೆಯನ್ನೂ ನೋಡಿಟ್ಟಿದ್ದಳು. ತಮ್ಮನಿಗೆ ಹೇಳಿದರೆ, ಕಾಲು ಸರಿಯಾಗಲಿ ನೋಡೋಣ ಅನ್ನುತ್ತಿದ್ದರು. ಅಷ್ಟಕ್ಕೂ ಅದು ನ್ಯಾಯದ ಮಾತೇ. ಹಾಗಾಗಿ ಎಲ್ಲವೂ ಆ ಒಂದು ಸುತ್ತಿನ ಮೇಲೆ ನಿಂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಗೋಡೆಯಲ್ಲಿ ಸದ್ದು ಬದಲಾಯಿತು. ತಡೆದು ತಡೆದು ಬರುತ್ತಿದ್ದ ಚೈನು ಒಂದೇ ಸಮನೆ ಹರಿಯತೊಡಗಿತು. ದೋಸೆ ಕಾವಲಿ ಇಳಿಸಿ ಓಡಿದೆ. ಮೇಡಂ ತುಳಿಯುತ್ತಿದ್ದರು, ಪೂರ್ತಿ ಸುತ್ತು. ಗೋಡೆಯ ಮೇಲೆ ಬೆಳಕು ಮಂಕಾಗದೆ ನಿಂತಿತ್ತು. ತಮ್ಮನ ಹೆಂಡತಿ ಹಿಟ್ಟಿನ ಕೈಯಲ್ಲೇ ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಬಂದರು.

"ಹತ್ತೇ ಕಾನ್ವೆಂಟು," ಎಂದರು ಮೇಡಂ. "ಹೊರಟ್ವಿ."

ಆ ವಾರ ಎಷ್ಟು ಸಂತೋಷದಲ್ಲಿ ಹೋಯಿತು. ಶಿರಾಳಕೊಪ್ಪದ ದಾರಿ ನನಗೆ ಬಸ್ಸಿನ ಕಿಟಕಿಯಿಂದ ಗೊತ್ತಿದ್ದದ್ದು, ಅವರಿಗೆ ಕಾಲಿನಿಂದ ಗೊತ್ತಿತ್ತು. ಇಲ್ಲಿ ಏರು ಬರ್ತದೆ ಅನ್ನುವರು, ನಿಜವಾಗಿಯೂ ಮುಂದಕ್ಕೆ ಬಾಗುವರು. ಇಲ್ಲಿ ಮೆಕ್ಕೆಜೋಳ ರಸ್ತೆಗೇ ಒಣಗಿ ಹಾಕಿರ್ತಾರೆ, ಪಕ್ಕಕ್ಕೆ ತಗೋಬೇಕು, ಎಂದು ಹ್ಯಾಂಡಲ್ಲನ್ನು ಸ್ವಲ್ಪ ತಿರುಗಿಸುವರು. ಒಂದು ದಿನ ತೊಗರ್ಸಿಯ ಕಡೆ ತಿರುಗುವ ಮನಸ್ಸು ಮಾಡಿ, ಬೇಡ, ಮೊದಲು ಶಿರಾಳಕೊಪ್ಪ, ಎಂದು ನೇರ ಹೋದರು. ಡಾಕ್ಟರಿಗೂ ಫೋನ್ ಮಾಡಿ ಹೇಳಿದರು. ತಮ್ಮ ಪೇಟೆಯಿಂದ ಪೇಡೆ ತಂದರು.

ನಾನು ಕೂರುತ್ತಿದ್ದುದು ಅವರ ಹಿಂದೆ. ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಸೀಟು. ಆ ಹಳೆಯ ಸೀಟಿನ ಕೆಳಗೆ ಎರಡು ಸ್ಪ್ರಿಂಗು, ಎಡಕ್ಕೊಂದು, ಬಲಕ್ಕೊಂದು. ಶಿರಾಳಕೊಪ್ಪ ಇನ್ನೇನು ಬಂತು ಅನ್ನುವ ದಿನ ಬೀನ್ಸಿನ ನಾರು ತೆಗೆಯುತ್ತ ಸುಮ್ಮನೆ ನೋಡುತ್ತಿದ್ದೆ. ಬಲಗಡೆಯ ಸ್ಪ್ರಿಂಗು ಅವರ ಭಾರಕ್ಕೆ ಕುಗ್ಗಿ ಹಾಗೇ ಇತ್ತು. ಎಡಗಡೆಯದು ಮಾತ್ರ ಎಡ ಪೆಡಲ್ ಮೇಲೆ ಬಂದಾಗಲೆಲ್ಲ ಹಿಗ್ಗಿ ಸಡಿಲವಾಗುತ್ತಿತ್ತು. ಆಮೇಲೆ ಅವರ ಸ್ವೆಟರಿನ ಅಂಚು ನೋಡಿದೆ. ಅದೂ ಎಡಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಮಂಡಿ ಬಗ್ಗುತ್ತಿರಲಿಲ್ಲ. ಸೊಂಟ ಎತ್ತಿ ಅವರು ಕಾಲನ್ನು ಆ ಮೇಲಿನ ಜಾಗ ದಾಟಿಸುತ್ತಿದ್ದರು. ಅವರಿಗೇ ಅದು ಗೊತ್ತಿರಲಿಲ್ಲ.

ಬೀನ್ಸ್ ಹಿಡಿದುಕೊಂಡು ಕೂತೆ. ಹೇಳದಿದ್ದರೆ ಈ ಸಂತೋಷ ಇನ್ನೊಂದಿಷ್ಟು ದಿನ ಇರುತ್ತದೆ, ಅಷ್ಟರಲ್ಲಿ ಚಳಿ ಮುಗಿದು ಒಳಗೆ ಗಟ್ಟಿಯಾಗಿಬಿಡುತ್ತದೆ. ಹೇಳಿದರೆ ಈಗಲೇ ಒಡೆಯುತ್ತದೆ. ಇನ್ನೊಬ್ಬರ ತಪ್ಪು ತೋರಿಸುವ ಮೊದಲು ಕ್ಷಮೆ ಕೇಳಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು.

"ಸಾರಿ ಮೇಡಂ," ಎಂದೆ.

"ಯಾಕೆ ಸಾರಿ? ಏನ್ ಒಡೆದೆ?"

"ಸೊಂಟ ಏಳ್ತಾ ಇದೆ ಮೇಡಂ."

ಕಾಲು ನಿಂತಿತು. ಬೆಳಕು ಆರಿತು. ಅವರು ತಿರುಗಿ ನೋಡಲಿಲ್ಲ. ಹುಡುಗಿಯರು ಬಸ್ಕಿ ಹೊಡೆಯುವಾಗ ಅರ್ಧಕ್ಕೇ ಎದ್ದರೆ ಮೈದಾನದ ಆ ತುದಿಯಿಂದ ಹಿಡಿಯುತ್ತಿದ್ದ ಹೆಂಗಸು ಅದು. ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಸಲ ತುಳಿದರು. ಇನ್ನೊಂದು ಸಲ ತುಳಿದರು. ಆಮೇಲೆ, ನೀನು ಮನೆಗೆ ಹೋಗು, ಎಂದರು.

ಕೆಲವು ದಿನ ಗೋಡೆಯಲ್ಲಿ ಸದ್ದೇ ಇರಲಿಲ್ಲ. ತಮ್ಮನ ಹೆಂಡತಿ ನೀರು ಹಿಡಿಯಲು ಬಂದಾಗ, "ನೀವು ಏನಂದ್ರಿ? ಅಕ್ಕಾರು ಊಟನೂ ಸರಿಯಾಗಿ ಮಾಡವಲ್ರು. ತುಳಿದ್ರೆ ತುಳೀಲಿ ಅಂತ ಬಿಡಬೇಕಿತ್ತಿಲ್ರೀ," ಎಂದು ನೊಂದುಕೊಂಡರು. ನನ್ನ ಗಂಡನೂ ಅದನ್ನೇ ಅಂದರು. ನಾನು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಗೋಡೆ ಮತ್ತೆ ತಡೆದು ತಡೆದು ಸದ್ದು ಮಾಡಿತು. ಅರ್ಧ ಮುಂದೆ, ಅರ್ಧ ಹಿಂದೆ. ಅದರ ಹಿಂದೆಯೇ ಕೂಗು, "ಏ ಕಾನ್ವೆಂಟು, ಬಂದು ಕೂರು."

ಹೋದೆ. ತುಳಿದದ್ದೆಲ್ಲ ವಜಾ, ಎಂದರು. ಶಿರಾಳಕೊಪ್ಪವೂ ಇಲ್ಲ, ಯಾವುದೂ ಇಲ್ಲ, ವಾಪಸ್ ಬಸ್‌ಸ್ಟ್ಯಾಂಡಿಗೆ. ಸೊಂಟ ಎದ್ದರೆ ತಕ್ಷಣ ಹೇಳಬೇಕು, ಸಾರಿ ಗೀರಿ ಏನೂ ಬೇಡ. ಆವತ್ತಿನಿಂದ ನಾನು ತರಕಾರಿ ಒಯ್ಯುವುದನ್ನು ಬಿಟ್ಟು ಬರೀ ಸ್ಪ್ರಿಂಗು ನೋಡುತ್ತ ಕೂತೆ. ಎದ್ದಿತು ಮೇಡಂ. ಮತ್ತೆ ಎದ್ದಿತು. ಅವರು ಹಲ್ಲು ಕಚ್ಚಿ ಕೆಳಗೆ ಒತ್ತುತ್ತಿದ್ದರು. ಕೆಲವು ದಿನ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ, ಕೈ ಬಿಟ್ಟರೆ ಸೊಂಟ ಏಳುತ್ತದೆಂದು.

ಮಂಡಿ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಬಲಿತಿತ್ತು. ಶಿವಮೊಗ್ಗಕ್ಕೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕಾಲನ್ನು ಮಡಿಸಿ, ಬಿಡಿಸಿ, ಇನ್ನು ಇಷ್ಟೇ ಅಮ್ಮ, ನಡೆಯುವುದಕ್ಕೆ ಧಾರಾಳ ಸಾಕು, ಸೈಕಲ್ ಮರೆತುಬಿಡಿ, ಎಂದರು. ಬಸ್ಸಿನಲ್ಲಿ ಬರುವಾಗ ಮೇಡಂ ಕಿಟಕಿಯಿಂದ ಆಚೆ ನೋಡುತ್ತ, ಎದುರು ಸೀಟಿನ ಕಂಬಿ ಹಿಡಿದ ಕೈಬೆರಳುಗಳನ್ನು ಒಂದೇ ಸಮನೆ ಕುಣಿಸುತ್ತಿದ್ದರು.

ಬಸ್ಸಿಳಿದು ಮನೆಯ ಕಡೆ ತಿರುಗಲಿಲ್ಲ. ನೇರ ಸೈಕಲ್ ಶಾಪಿಗೆ ಹೋದರು. ಅಂಗಡಿಯ ಮುಂದೆ ಒಂದು ಮಕ್ಕಳ ಸೈಕಲ್ ಬಿಚ್ಚಿ ಹಾಕಿತ್ತು. ಬಸ್ಸಿನ ಕಿಟಕಿಯಿಂದಲೇ ಅದನ್ನು ಕಂಡಿದ್ದರೋ ಏನೋ. ಪೆಡಲ್ಲನ್ನು ಚೈನಿನ ಚಕ್ರಕ್ಕೆ ಜೋಡಿಸುವ ಕಬ್ಬಿಣದ ತೋಳು ಇರುತ್ತದಲ್ಲ, ಕ್ರ್ಯಾಂಕ್ ಅನ್ನುತ್ತಾರೆ, ಮಕ್ಕಳ ಸೈಕಲ್ಲಿನದು ಗಿಡ್ಡ. ಅದನ್ನು ನನ್ನ ಸೈಕಲ್ಲಿನ ಎಡಗಡೆಗೆ ಹಾಕಿಕೊಡಿ, ಎಂದರು. ತೋಳು ಗಿಡ್ಡವಾದರೆ ಪೆಡಲ್ ತಿರುಗುವ ಸುತ್ತೂ ಚಿಕ್ಕದು, ಮಂಡಿ ಅಷ್ಟು ಮೇಲೆ ಬರಬೇಕಿಲ್ಲ.

ಶಾಪಿನವರು ತಲೆ ಕೆರೆದುಕೊಂಡರು. "ಒಂದು ಕಾಲಿಗೆ ದೊಡ್ಡೋರ ಸೈಕಲ್ಲು, ಒಂದು ಕಾಲಿಗೆ ಮಕ್ಕಳದ್ದು ಆಗ್ತೈತಲ್ರೀ ಮೇಡಂ. ಕುಂಟ್ತೈತ್ರಿ."

"ನಾನೂ ಕುಂಟ್ತೀನಲ್ಲ. ಜೋಡಿ ಆಗ್ತದೆ. ಹಾಕ್ರಿ."

ಹಾಕಿಸಿದ ದಿನ ಪಡಸಾಲೆಯಲ್ಲಿ ಸ್ಟ್ಯಾಂಡ್ ಮೇಲೆ ತುಳಿದು ತೋರಿಸಿದರು. ಒಂದು ದೊಡ್ಡ ತುಳಿತ, ಒಂದು ಸಣ್ಣ ತುಳಿತ. ಸೀಟಿನ ಎರಡೂ ಸ್ಪ್ರಿಂಗು ಅಲುಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಒಂದು ಪ್ರಶ್ನೆ ಇತ್ತು, ತಡೆಯಲಾಗದೆ ಕೇಳಿದೆ. ಅಲ್ಲ ಮೇಡಂ, ಸೊಂಟ ಎತ್ತಿದ್ದು ವಜಾ ಆಯಿತು, ಇದು ಹೇಗೆ ಲೆಕ್ಕಕ್ಕೆ ಬರುತ್ತದೆ?

ಮೇಡಂ ಯೋಚಿಸಿದರು. "ಅದು ನನಗೇ ಗೊತ್ತಾಗದ ಹಾಗೆ ಮಾಡಿದ್ದು. ಇದು ಬೀದಿಯೋರಿಗೆಲ್ಲ ಕಾಣೋ ಹಾಗೆ ಮಾಡಿದ್ದು. ಅಷ್ಟೇ ವ್ಯತ್ಯಾಸ ಕಣೆ."

ತಮ್ಮ ಬೇಡವೆಂದರು. ತಮ್ಮನ ಹೆಂಡತಿ ಅತ್ತರು. ಡಾಕ್ಟರಿಗೆ ಮತ್ತೊಮ್ಮೆ ಫೋನ್ ಹೋಯಿತು. ಅವರು, ಬೀಳದಿದ್ದರೆ ಸರಿ, ಎಂದರಂತೆ. ದಿನವೂ ಬೆಳಿಗ್ಗೆ ನಮ್ಮ ಬೀದಿಯ ತುದಿಯವರೆಗೆ, ಆಮೇಲೆ ಕೆರೆಯವರೆಗೆ, ಆಮೇಲೆ ಊರಾಚೆಗೆ ತುಳಿದು ಬಂದರು. ಯುಗಾದಿ ಕಳೆದ ಮೇಲೆ ಒಂದು ದಿನ ಬಟ್ಟೆಯ ಚೀಲ ಹಿಂದೆ ಕಟ್ಟಿಕೊಂಡು ಸೊರಬಕ್ಕೆ ಹೊರಟೇಬಿಟ್ಟರು. ಶಿರಾಳಕೊಪ್ಪದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಮುಂದೆ ಹೋಗುವುದು ಎಂದು ಲೆಕ್ಕ. ಊರು ಬಂದ ಕೂಡಲೇ ಫೋನ್ ಮಾಡಬೇಕು ಎಂದು ನಾನು ಮಾತು ತೆಗೆದುಕೊಂಡೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸೈಕಲ್ ಕುಂಟುತ್ತ ಹೋಯಿತು. ಅವರು ಹಿಂದೆ ತಿರುಗಿ ನೋಡಲಿಲ್ಲ, ನೋಡಿದರೆ ಬ್ಯಾಲೆನ್ಸ್ ತಪ್ಪುತ್ತಿತ್ತು.

ಫೋನ್ ಬಂದದ್ದು ನಾನು ಅಂದುಕೊಂಡದ್ದಕ್ಕಿಂತ ಬೇಗ.

"ಶಿರಾಳಕೊಪ್ಪ ಬಂತಾ ಮೇಡಂ?"

"ಇಲ್ಲ."

"ಯಾವ ಊರು?"

"ಯಾವ ಊರೂ ಅಲ್ಲ. ನಡುವೆ ಇಳಿದೆ. ಕಾಲು ಆಗಲ್ಲ ಅಂತು. ಮೋರಿ ಕಟ್ಟೆ ಮೇಲೆ ಕೂತೀನಿ."

ಗಂಡನನ್ನು ಗಾಡಿ ತೆಗೆದುಕೊಂಡು ಬರಲು ಹೇಳುತ್ತೇನೆ, ಇಲ್ಲವೇ ಯಾವುದಾದರೂ ಬಸ್ಸಿಗೆ ಕೈ ಮಾಡಿ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಳ್ಳಿ, ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಲಾರಿಯೊಂದು ದಾಟಿಹೋದ ಸದ್ದು. ಅದು ದೂರವಾಗುವವರೆಗೆ ಅವರು ಕಾದರು.

"ಯಾರೂ ಬರೋದು ಬೇಡ. ಇನ್ನೊಂಚೂರು ಕೂತು ಹೋಗ್ತೀನಿ. ಇಷ್ಟು ವರ್ಷ ಓಡಾಡಿದ ರಸ್ತೆ ಕಣೆ, ಈ ಜಾಗದಲ್ಲಿ ಇಳಿದೇ ಇರಲಿಲ್ಲ. ಮೋರಿ ಕೆಳಗೆ ಯಾರೋ ಎಮ್ಮೆ ತೊಳೀತಾ ಇದಾರೆ."

ಮುಂದೇನಾದರೂ ಹೇಳುತ್ತಾರೆಂದು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಹೇಳಲಿಲ್ಲ. ಎಮ್ಮೆಯ ಮೈ ಉಜ್ಜುವ ಸದ್ದು, ಯಾರೋ ಅದನ್ನು ಬೈಯುವ ಸದ್ದು ಕೇಳುತ್ತಿತ್ತು. ಫೋನ್ ಇಡಲು ಅವರೂ ಅವಸರ ಮಾಡಲಿಲ್ಲ.